ಸ್ಪ್ಯಾನಿಷ್‌ನಲ್ಲಿ ಗೆಳೆಯನನ್ನು ಏನಂತ ಕರೆಯೋದು?

ಪ್ರಶ್ನೆ: ಮುಂದಿನ ತಿಂಗಳು ಕೆಲಸದ ಮೇಲೆ ಮೆಕ್ಸಿಕೋದ ಗ್ವಾದಲಹಾರಾಕ್ಕೆ ಹೋಗುತ್ತಿದ್ದೇನೆ. ಎರಡು ವರ್ಷ ಇರಬೇಕು. ಪುಸ್ತಕದಲ್ಲಿ ಗೆಳೆಯ ಅಂದರೆ 'ಅಮೀಗೊ', ಗೆಳತಿ ಅಂದರೆ 'ಅಮೀಗಾ', ಅಷ್ಟೇ ಇದೆ. ವಿಡಿಯೊಗಳಲ್ಲಿ ನೋಡಿದರೆ ಒಬ್ಬೊಬ್ಬರು ಒಂದೊಂದು ಅನ್ನುತ್ತಾರೆ. ಅಲ್ಲಿದ್ದು ಬಂದವರು ದಯವಿಟ್ಟು ಹೇಳಿ, ನಾನು ಯಾವುದನ್ನು ಬಳಸಲಿ?

ಗ್ವಾದಲಹಾರಾದಲ್ಲಿ ಮೂರು ವರ್ಷ ಇದ್ದವಳು: ಅಲ್ಲಿ ನಿಮ್ಮ ಕಿವಿಗೆ ಜಾಸ್ತಿ ಬೀಳೋದು 'ವೇ'. ಎತ್ತು ಅನ್ನೋ ಅರ್ಥದ 'ಬ್ವೇ' ಪದದಿಂದ ಬಂದದ್ದು. ದಡ್ಡ ಅಂತ ಬೈಯುವ ಮಾತು, ಈಗ ಗೆಳೆಯರ ನಡುವೆ ನಮ್ಮ 'ಮಗಾ' ಇದ್ದ ಹಾಗೆ ಆಗಿದೆ. ಹುಡುಗಿಯರೂ ಹಾಗೇ ಕರೆದುಕೊಳ್ಳುತ್ತಾರೆ. ನನ್ನ ಪಕ್ಕದ ಸೀಟಿನವಳು ಫೋನ್ ಎತ್ತಿದರೆ 'ನೋ, ವೇ', 'ಸೀ, ವೇ', ಎರಡು ಮಾತಿಗೊಂದು ವೇ. ಅದನ್ನೇ ಕೇಳಿ ಕೇಳಿ ಎರಡನೇ ವಾರದಲ್ಲೇ ನಾನು ನಮ್ಮ ಮ್ಯಾನೇಜರಿಗೆ ಅಂದುಬಿಟ್ಟೆ. ಅವರು ಬೈಯಲಿಲ್ಲ. ಆದರೆ ಸುತ್ತಲಿನವರ ಮಾತು ತಟ್ಟನೆ ನಿಂತಿತು. ಹಿರಿಯರಿಗೆ, ಹೊಸಬರಿಗೆ ಬೇಡವೇ ಬೇಡ. ಅವರಾಗಿ ನಿಮ್ಮನ್ನು ಹಾಗೆ ಕರೆಯುವವರೆಗೆ ಕಾಯಿರಿ. ಆ ಹುಡುಗಿ ನನ್ನನ್ನು ಮೊದಲ ಸಲ ವೇ ಅಂದದ್ದು ನಾಲ್ಕು ತಿಂಗಳಾದ ಮೇಲೆ, ಟಾಕೊ ಗಾಡಿಯ ಮುಂದೆ, ನನ್ನ ತಟ್ಟೆಗೆ ನಿಂಬೆಹಣ್ಣು ಹಿಂಡುತ್ತಾ. ಅವತ್ತು ಮನೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ.

ಮ್ಯಾಡ್ರಿಡ್‌ನಲ್ಲಿ ಓದಿದವನು: ಒಂದು ಮಾತು ಸೇರಿಸುತ್ತೇನೆ. ಕರೆಯುವ ಪದ ಬೇರೆ, ಪರಿಚಯಿಸುವ ಪದ ಬೇರೆ. ಸ್ಪೇನ್‌ನಲ್ಲಿ ಹುಡುಗರು 'ತೀಯೊ', ಹುಡುಗಿಯರು 'ತೀಯಾ' ಅಂತ ಕರೆದುಕೊಳ್ಳುತ್ತಾರೆ. ಆದರೆ 'ಮಿ ತೀಯೊ' ಅಂದರೆ ನನ್ನ ಚಿಕ್ಕಪ್ಪ ಅಥವಾ ಮಾವ ಅಂತಾಗುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ? 'ಬಾ ಮಗಾ' ಅಂದರೆ ಗೆಳೆಯ, 'ಇವನು ನನ್ನ ಮಗ' ಅಂದರೆ ಹೆತ್ತ ಮಗ. ಯಾರಿಗಾದರೂ ಪರಿಚಯ ಮಾಡಿಕೊಡುವಾಗ ಅಮೀಗೊ, ಅಮೀಗಾ ಸಾಕು. ಅಮೀಗಾ ಅಂದರೆ ಯಾರೂ ಬೇರೆ ಅರ್ಥ ಮಾಡಿಕೊಳ್ಳೋದಿಲ್ಲ. ಪ್ರೀತಿಸುವ ಹುಡುಗಿಗೆ 'ನೋವಿಯಾ' ಅಂತ ಬೇರೆ ಪದವೇ ಇದೆ.

ಅರ್ಜೆಂಟೀನಾದ ಬುಎನೋಸ್ ಐರಿಸ್‌ನಿಂದ: ಇಲ್ಲಿ 'ಚೆ' ನಡೆಯುತ್ತದೆ, ನಮ್ಮ 'ಏ', 'ಲೋ' ಥರ. ಕ್ರಾಂತಿಕಾರಿ ಗೆವಾರಾಗೆ ಚೆ ಅನ್ನೋ ಅಡ್ಡಹೆಸರು ಬಂದದ್ದು ಇದರಿಂದಲೇ. 'ಬೊಲುದೊ' ಅಂತಲೂ ಕರೆದುಕೊಳ್ಳುತ್ತಾರೆ, ಆದರೆ ಗುರುತಿಲ್ಲದವರಿಗೆ ಅಂದರೆ ಅದು ಬೈಗುಳ. ಜುಲೈ 20 ಇಲ್ಲಿ ಗೆಳೆಯರ ದಿನ. 1969ರಲ್ಲಿ ಅದೇ ದಿನ ಮನುಷ್ಯ ಚಂದ್ರನ ಮೇಲೆ ಇಳಿದದ್ದು ನೋಡಿ ಎನ್ರಿಕೆ ಫೆಬ್ರಾರೊ ಅನ್ನುವವರು ಶುರು ಮಾಡಿದ್ದು.

ಕೇಳಿದವರು: ತುಂಬಾ ಥ್ಯಾಂಕ್ಸ್. ಮೆಕ್ಸಿಕೋದಲ್ಲಿ ಚಡ್ಡಿ ದೋಸ್ತ್ ಅನ್ನೋಕೆ ಏನಾದರೂ ಇದೆಯಾ?

ಗ್ವಾದಲಹಾರಾದವಳು: ಇದೆ, 'ಕ್ವಾತೆ'. ಅವಳಿಜವಳಿ ಅಂತ ಅರ್ಥ, ಅಲ್ಲಿನ ಮೂಲಜನರ ನಾವಾತ್ಲ್ ಭಾಷೆಯಿಂದ ಬಂದ ಪದ. 'ಎಸ್ ಮಿ ಕ್ವಾತೆ' ಅಂತ ಧೈರ್ಯವಾಗಿ ಹೇಳಿ. 'ಕೊಂಪಾದ್ರೆ' ಕೂಡ ಕೇಳುತ್ತೀರಿ. ಮಗುವಿನ ಅಪ್ಪನೂ ಗಾಡ್‌ಫಾದರೂ ಒಬ್ಬರನ್ನೊಬ್ಬರು ಕರೆದುಕೊಳ್ಳುವ ಪದ ಅದು, ಈಗ ಸುಮ್ನೆ ಗೆಳೆಯನಿಗೂ ಅನ್ನುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಉನ್ಯಾ ಇ ಮುಗ್ರೆ'. ಉಗುರು ಮತ್ತು ಅದರ ಸಂದಿಯ ಕೊಳೆ, ಅಂದರೆ ಒಬ್ಬರನ್ನೊಬ್ಬರು ಬಿಟ್ಟಿರದ ಜೋಡಿ. ನಾನು ವಾಪಸ್ ಹೊರಟ ದಿನ ಆಫೀಸಿನವರು ನನಗೂ ಪಕ್ಕದ ಸೀಟಿನವಳಿಗೂ ಅಂದದ್ದು ಇದನ್ನೇ.