ಕತ್ತಲೆಕಾನಿನ ಕುಂಬಾರ ಕಪ್ಪೆ: ವರ್ಷಕ್ಕೊಂದು ರಾತ್ರಿ ಎಣಿಸಿದರೆ ಸಾಕೇ?

ಹಳ್ಳದಂಚು:
ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಕತ್ತಲೆಕಾನು ಭಾಗದಲ್ಲಿ, ರಾಂಪತ್ರೆ ಜಡ್ಡಿಗಳಲ್ಲಿ (ರಾಂಪತ್ರೆ ಜಾತಿಯ ಮರಗಳ ಸಿಹಿನೀರಿನ ಜೌಗು ಕಾಡು), ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಗಳ (ರಾತ್ರಿಕಪ್ಪೆಯ ಒಂದು ಜಾತಿ) ಮೇಲೆ ಹತ್ತು ವರ್ಷ ನಿಗಾ ಇಡುವ ಯೋಜನೆ ಬರೆಯುತ್ತಿದ್ದೇವೆ. ಸದ್ಯದ ಕರಡು ಹೀಗಿದೆ: ಹಳ್ಳದಗುಂಟ 100 ಮೀಟರಿನ 8 ಪಟ್ಟಿ, ಪ್ರತಿ ಜುಲೈನಲ್ಲಿ ಒಂದು ರಾತ್ರಿ, ಇಬ್ಬರು ಟಾರ್ಚ್ ಹಿಡಿದು ಎಣಿಸುವುದು. ಇದರಿಂದ ಸಂಖ್ಯೆ ಏರಿತೋ ಇಳಿಯಿತೋ ಹೇಳಬಹುದೇ? ಕೂಗು ಹಿಡಿಯುವ ರೆಕಾರ್ಡರ್ ಕಟ್ಟಿಬಿಟ್ಟರೆ ಮಳೆಯಲ್ಲಿ ನಡೆಯೋದೇ ಬೇಡ ಅನ್ನುವವರೂ ತಂಡದಲ್ಲಿದ್ದಾರೆ.

ಅಂಕಿಗುಬ್ಬಿ:
ಹೇಳಲಿಕ್ಕೆ ಬರಲ್ಲ. ಒಂದು ರಾತ್ರಿ 6 ಕಂಡವು, ಮುಂದಿನ ವರ್ಷ 2 ಕಂಡವು ಅಂದರೆ ಕಪ್ಪೆ ಕಡಿಮೆಯಾಯಿತೋ, ಅವತ್ತು ಹಳ್ಳ ಕೆಂಪಾಗಿ ಹರಿಯುತ್ತಿತ್ತೋ ಗೊತ್ತಾಗುವುದಿಲ್ಲ. ಇವು ಕಲ್ಲಿನ ಸಂದು, ರಾಂಪತ್ರೆಯ ಮಂಡಿಬೇರಿನ ಬುಡ ಬಿಟ್ಟು ಬರುವುದೇ ಕಮ್ಮಿ. ಒಂದು ಭೇಟಿಯಲ್ಲಿ ಇದ್ದ ಕಪ್ಪೆ ಕಾಣುವ ಸಾಧ್ಯತೆ 0.3 ಅಂದುಕೊಳ್ಳಿ, 3 ಭೇಟಿ ಕೊಟ್ಟರೂ ಒಮ್ಮೆಯಾದರೂ ಕಾಣುವ ಸಾಧ್ಯತೆ ಸುಮಾರು 0.66, 5 ಭೇಟಿಗೆ 0.83. ಹಾಗಾಗಿ ಒಂದೇ ಪಟ್ಟಿಗೆ ಎರಡು–ಮೂರು ವಾರದೊಳಗೆ 4–5 ಸಲ ಹೋಗಿ. ಇನ್ನೂ ತಡವಾದರೆ ಕಪ್ಪೆಗಳು ಒಳಬಂದು ಹೊರಹೋಗುತ್ತವೆ, ಅವಧಿಯಲ್ಲಿ ಸಂಖ್ಯೆ ಬದಲಾಗಿಲ್ಲ ಎಂಬ ಲೆಕ್ಕದ ಬುಡವೇ ಅಲುಗುತ್ತದೆ.

ಆಮೇಲೆ 'ಆರ್' ಎಂಬ ಅಂಕಿಅಂಶ ತಂತ್ರಾಂಶದಲ್ಲಿ 'ಅನ್‌ಮಾರ್ಕ್ಡ್' ಪ್ಯಾಕೇಜಿನ ಎನ್-ಮಿಕ್ಸ್ಚರ್ ಮಾದರಿ ಹಾಕಿ, ಮತ್ತೆ ಮತ್ತೆ ಎಣಿಸಿದ ಲೆಕ್ಕದಿಂದ ಕಾಣುವ ಸಾಧ್ಯತೆ, ನಿಜವಾದ ಸಂಖ್ಯೆ ಎರಡನ್ನೂ ಅಂದಾಜಿಸುವ ಲೆಕ್ಕ ಅದು. ಕಾಣುವ ಸಾಧ್ಯತೆ ತೀರಾ ಕಡಿಮೆಯಿದ್ದರೆ ಅದು ಕೊಡುವ ಸಂಖ್ಯೆಯನ್ನು ನಂಬಬೇಡಿ, ಪಟ್ಟಿಯಲ್ಲಿ ಇದೆ/ಇಲ್ಲ ಎಂಬಷ್ಟಕ್ಕೆ ಇಳಿಯುವುದೇ ವಾಸಿ. ಪ್ರತಿ ಭೇಟಿಗೂ ಗಾಳಿಯ ಉಷ್ಣತೆ, ತೇವಾಂಶ, ಹಳ್ಳದ ಆಳ (ಒಂದೇ ಬಂಡೆಗೆ ಗುರುತು ಮಾಡಿ), ಹಿಂದಿನ 24 ಗಂಟೆಯ ಮಳೆ, ಎಣಿಸಿದವರ ಹೆಸರು ಬರೆಯಿರಿ. ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಾಪಕವನ್ನು ಮಾತ್ರ ನೆಚ್ಚಬೇಡಿ. ಘಟ್ಟದಲ್ಲಿ ಎರಡು ಕಿಲೋಮೀಟರಿಗೆ ಮಳೆ ಬೇರೆ, ಸ್ವಂತದ್ದೊಂದು ಇರಲಿ.

ಮೂರನೇ ತಿರುವು:
ರೆಕಾರ್ಡರ್ ಬಗ್ಗೆ. ಆಡಿಯೋಮಾತ್ (ತಾನೇ ಧ್ವನಿಮುದ್ರಿಸುವ ಪುಟ್ಟ ಯಂತ್ರ) ಇಟ್ಟರೆ ಧ್ವನಿಯ ಮಾದರಿ ತೆಗೆಯುವ ವೇಗ (ಸ್ಯಾಂಪ್ಲಿಂಗ್) 16 ಕಿಲೋಹರ್ಟ್ಸ್ ಸಾಕು, ಇಂಥ ಕಪ್ಪೆಗಳ ಕೂಗು 5 ಕಿಲೋಹರ್ಟ್ಸಿನೊಳಗೇ ಮುಗಿಯುತ್ತದೆ. ಸಂಜೆ 6ರಿಂದ ಬೆಳಗ್ಗೆ 6ರವರೆಗೆ 10 ನಿಮಿಷಕ್ಕೊಮ್ಮೆ 1 ನಿಮಿಷ ಅಂದರೆ ರಾತ್ರಿಗೆ 72 ನಿಮಿಷ, ಸುಮಾರು 140 ಎಂಬಿ. 32 ಜಿಬಿ ಕಾರ್ಡ್ ತುಂಬುವ ಮೊದಲೇ ಬ್ಯಾಟರಿ ಸಾಯುತ್ತದೆ. ಬ್ಯಾಟರಿ ಬದಲಿಸಿದ ಮೇಲೆ ಗಡಿಯಾರ ಮತ್ತೆ ಹೊಂದಿಸಲೇಬೇಕು, ಇಲ್ಲದಿದ್ದರೆ ಆ ಕಂತಿನ ಸಮಯ ಪೂರಾ ಹಾಳು. ಡಬ್ಬಿಯೊಳಗೆ ಸಿಲಿಕಾ ಜೆಲ್, ಮೈಕ್ ಕೆಳಮುಖ. ಗೇನ್ (ಮೈಕಿನ ಸದ್ದು ಹಿಗ್ಗಿಸುವ ಮಟ್ಟ) ಯಾವ ಹಂತಕ್ಕೆ ಇಟ್ಟಿದ್ದೀರೋ ಹತ್ತು ವರ್ಷವೂ ಅದೇ.

ಆದರೆ ಜುಲೈನಲ್ಲಿ ಹಳ್ಳದ ಭೋರ್ಗರೆತ ಎಲ್ಲವನ್ನೂ ನುಂಗುತ್ತದೆ. ನೀರಿನಿಂದ ಕೆಲವು ಮೀಟರ್ ಈಚೆ ಕಟ್ಟಿದರೂ ಸಿಗುವುದು ಗಂಡಿನ ಕೂಗು, ಎಷ್ಟು ಗಂಡು ಎಂಬುದಲ್ಲ. ಕೂಗುವ ಕಾಲ ಯಾವಾಗ ಶುರು, ಯಾವಾಗ ಮುಗಿಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಧನ ಇಲ್ಲ. ನಡಿಗೆಗೆ ಬದಲಿ ಅಲ್ಲ.

ಹಳ್ಳದಂಚು:
ಗಂಡು ಮೊಟ್ಟೆಗೆ ಮಣ್ಣು ಮೆತ್ತುವುದರಿಂದ, ಕಪ್ಪೆ ಬಿಟ್ಟು ಆ ಮೆತ್ತಿದ ಗುರುತನ್ನೇ ಎಣಿಸಿದರೆ?

ರಾಂಪತ್ರೆ:
ಒಳ್ಳೆ ಯೋಚನೆ, ಎರಡನೇ ಸೂಚಿಯಾಗಿ ಇಟ್ಟುಕೊಳ್ಳಿ. ಹಗಲಲ್ಲೂ ಮಾಡಬಹುದು, ಕಪ್ಪೆಗೆ ತೊಂದರೆಯೂ ಕಡಿಮೆ. ಹೊಸದಾಗಿ ಮೆತ್ತಿದ್ದು ಒದ್ದೆಯಾಗಿ, ಬೆರಳಾಡಿಸಿದ ಹಾಗೆ ಉಬ್ಬುತಗ್ಗಾಗಿರುತ್ತದೆ. ಎಲೆ ಮೇಲೆ ಸಿಡಿದ ಕೆಸರು ಚುಕ್ಕೆಚುಕ್ಕೆಯಾಗಿ ತೆಳುವಾಗಿರುತ್ತದೆ, ಅದನ್ನು ಎಣಿಸಬೇಡಿ. ವಾರಕ್ಕೊಮ್ಮೆ ಹೋಗಿ ಪ್ರತಿ ಮೊಟ್ಟೆಗುಂಪಿಗೂ ಸಂಖ್ಯೆ ಕೊಟ್ಟು, ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಇಲ್ಲದಿದ್ದರೆ ಹಳೆಯದನ್ನೇ ಎರಡು ಸಲ ಎಣಿಸುತ್ತೀರಿ. ನೆರೆಗೆ ಕೊಚ್ಚಿಹೋದದ್ದು, ಒಡೆದು ಗೊದಮೊಟ್ಟೆ ನೀರಿಗೆ ಬಿದ್ದದ್ದು ಬೇರೆಬೇರೆ ಕಾಲಮ್ಮಿಗೆ. ಒಂದು ಎಚ್ಚರ: ಅದೇ ಹಳ್ಳದಲ್ಲಿ ಜೋಗ ರಾತ್ರಿಕಪ್ಪೆಯೂ ಇರಬಹುದು, ಅದು ಮಣ್ಣು ಮೆತ್ತುವುದಿಲ್ಲ. ರಾತ್ರಿ ಎಣಿಕೆಯಲ್ಲಿ ಮರಿಗಳನ್ನು ಊಹಿಸಿ ಒಂದು ಜಾತಿಗೆ ತಳ್ಳಬೇಡಿ, ಎರಡೂ ಸೇರುವ ಕುಲದ ಹೆಸರು ಹಾಕಿ 'ನಿಕ್ಟಿಬಟ್ರಾಕಸ್, ಜಾತಿ ಗೊತ್ತಾಗಿಲ್ಲ' ಅಂತಲೇ ಬರೆಯಿರಿ.

ಇನ್ನು ಪಟ್ಟಿಗಳ ವಿಷಯ. ದಟ್ಟ ಕಾನಿನ ಕೆಳಗೆ ಜಿಪಿಎಸ್ 10 ಮೀಟರ್ ಆಚೀಚೆ ತೋರಿಸುವುದು ಮಾಮೂಲು. 0, 50, 100 ಮೀಟರಿಗೆ ಸಂಖ್ಯೆಯ ತಗಡು ಬೇಕು, ಅದಕ್ಕೂ ಅನುಮತಿಪತ್ರದಲ್ಲೇ ಒಪ್ಪಿಗೆ ಪಡೆಯಿರಿ. ಮರ ಉರುಳಿದರೆ ಅಂತ ಪಕ್ಕದ ಎರಡು ಮರದಿಂದ ದೂರ, ದಿಕ್ಕು ಬರೆದಿಡಿ. ನಡಿಗೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ, ಇಲ್ಲದಿದ್ದರೆ ನೀವೇ ಕದಡಿದ ನೀರು ಮುಂದೆ ಹರಿದು ಏನೂ ಕಾಣುವುದಿಲ್ಲ. ಟಾರ್ಚ್ ಬದಲಾದರೂ ಎಣಿಸುವವರು ಬದಲಾದರೂ ಒಂದು ಋತು ಹಳಬರು-ಹೊಸಬರು ಒಟ್ಟಿಗೆ ಎಣಿಸಲಿ. ದೊಡ್ಡ ಬೆಳಕಿನ ಟಾರ್ಚ್ ಬಂದ ವರ್ಷ ಕಪ್ಪೆ 'ಹೆಚ್ಚಾಗುವುದು' ಹೊಸತೇನಲ್ಲ.

ಅಂಕಿಗುಬ್ಬಿ:
ಜತೆಗೆ ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗದ ವಿಷಯ, ಕರಡಿನಲ್ಲಿ ಕಾಣಲಿಲ್ಲ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟಿನ ಮಣ್ಣನ್ನು ಬ್ರಷ್ ಹಾಕಿ ಪೂರ್ತಿ ತೆಗೆಯಿರಿ, ಮಣ್ಣಿದ್ದರೆ ಬ್ಲೀಚ್ ಕೆಲಸ ಮಾಡಲ್ಲ. ಶೇ 5ರ ಬ್ಲೀಚಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಶೇ 1 ಆಗುತ್ತದೆ, ಅದರಲ್ಲಿ 10 ನಿಮಿಷ ನೆನೆಸಿ, ತೊಳೆದ ನೀರನ್ನು ಹಳ್ಳದಿಂದ ದೂರ ಚೆಲ್ಲಿ. ಸ್ಕೇಲು, ಟಾರ್ಚಿಗೆ ಶೇ 70ರ ಆಲ್ಕೋಹಾಲ್. ಎಣಿಕೆಗೆ ಕಪ್ಪೆ ಮುಟ್ಟುವ ಅಗತ್ಯವೇ ಇಲ್ಲ. ಮುಟ್ಟಲೇಬೇಕಾದರೆ ಪ್ರತಿ ಕಪ್ಪೆಗೂ ಹೊಸ ನೈಟ್ರೈಲ್ ಕೈಗವಸು. ಉಂಬಳಕ್ಕೆ ಹೊಗೆಸೊಪ್ಪು-ಸುಣ್ಣ ಹಚ್ಚಿದ ಕೈಯಂತೂ ಅದರ ಹತ್ತಿರಕ್ಕೂ ಹೋಗಬಾರದು.