ಸೀಸ ಬಿಟ್ಟು ಬೇರೆ ಲೋಹದ ರೈಫಲ್ ಗುಂಡು: ತಾಮ್ರವೇ ಯಾಕೆ?

ಸ್ಯಾಕ್ರಮೆಂಟೊ_ಗೌಡ
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ. ಬೇಟೆ ಲೈಸೆನ್ಸ್ ತಗೊಂಡು ಈ ಸೀಸನ್‌ಗೆ ಜಿಂಕೆ ಟ್ಯಾಗ್ (ಜಿಂಕೆ ಹೊಡೆಯೋಕೆ ಪರವಾನಗಿ ಚೀಟಿ) ಕೂಡ ಸಿಕ್ಕಿದೆ. ರೈಫಲ್ ಹಳೇದು, .30-06 ಅಳತೆಯ ಗುಂಡಿನದು. ಇಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವ ಹಾಗಿಲ್ಲ. ಅಂಗಡಿಗೆ ಹೋದರೆ ಬೇಟೆ ಗುಂಡು ಅಂತ ಕೊಡೋದೆಲ್ಲಾ ತಾಮ್ರದ್ದೇ, ಬೆಲೆನೂ ಜಾಸ್ತಿ. ಆಫೀಸಿನಲ್ಲಿ ಒಬ್ಬರು ಹಳೇ ಬೇಟೆಗಾರರಿದ್ದಾರೆ, ಅವರು "ತಾಮ್ರ ಗಟ್ಟಿ, ಸೂಜಿ ಥರ ಈ ಕಡೆ ಹೊಕ್ಕು ಆ ಕಡೆ ಹೋಗುತ್ತೆ, ಗಾಯವಾದ ಜಿಂಕೆ ಹುಡುಕ್ತಾ ಕತ್ತಲಾಗುತ್ತೆ" ಅಂತ ಹೆದರಿಸಿದ್ದಾರೆ. ನಿಜವಾ? ಸೀಸ ಬೇಡ ಅಂದ್ರೆ ಉಕ್ಕು, ಬಿಸ್ಮತ್, ಟಂಗ್‌ಸ್ಟನ್ ಅಂತ ಬೇರೆ ಲೋಹಗಳೂ ಇವೆಯಲ್ಲ, ಎಲ್ಲರೂ ತಾಮ್ರಕ್ಕೇ ಯಾಕೆ ಜೋತು ಬಿದ್ದಿದ್ದಾರೆ?

ಲೋಹದ_ಮೇಷ್ಟ್ರು
ಒಳ್ಳೆ ಪ್ರಶ್ನೆ. ಗುಂಡಿಗೆ ಎರಡು ಗುಣ ಬೇಕು: ಭಾರವಾಗಿರಬೇಕು, ಮೆತ್ತಗಿರಬೇಕು. ಸೀಸದಲ್ಲಿ ಎರಡೂ ಇವೆ, ಅದೂ ಅಗ್ಗಕ್ಕೆ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗುತ್ತೆ, ತಾಮ್ರ 9ಕ್ಕೆ ಸ್ವಲ್ಪ ಕಮ್ಮಿ, ಕಬ್ಬಿಣ 7.9, ಸತು 7.1. ಟಂಗ್‌ಸ್ಟನ್ 19.3, ಸೀಸವನ್ನೂ ಮೀರಿಸುತ್ತೆ. ಆದರೆ ಅದು ವಿಪರೀತ ಗಟ್ಟಿ, ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. ಜೊತೆಗೆ ಅಮೆರಿಕದ ಫೆಡರಲ್ ಕಾನೂನಿನ ತೊಡಕು. ಪಿಸ್ತೂಲಿನಲ್ಲೂ ಬಳಸಬಹುದಾದ ಗುಂಡನ್ನು ಪೂರ್ತಿ ಟಂಗ್‌ಸ್ಟನ್ ಮಿಶ್ರಲೋಹ, ಉಕ್ಕು, ಕಬ್ಬಿಣ, ಹಿತ್ತಾಳೆ, ಕಂಚು ಇಂಥವುಗಳಲ್ಲಿ ಮಾಡಿದರೆ ಅದು ಕವಚ ಸೀಳುವ ಗುಂಡು ಅಂತ ಲೆಕ್ಕ. ಆ ಪಟ್ಟಿಯಲ್ಲಿ ಶುದ್ಧ ತಾಮ್ರದ ಹೆಸರಿಲ್ಲ. ತಯಾರಕರು ತಾಮ್ರದ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ.

ಬಿಸ್ಮತ್ 9.8 ಗ್ರಾಂ, ಸೀಸಕ್ಕೆ ಹತ್ತಿರ. ಆದರೆ ಪೆಡಸು, ಪೆಟ್ಟು ಬಿದ್ದರೆ ಒಡೆಯುತ್ತೆ. ಶಾಟ್‌ಗನ್ನಿನ ಚರೆಗೆ ತವರ ಬೆರೆಸಿ ಚೆನ್ನಾಗಿ ಬಳಸ್ತಾರೆ. ದೊಡ್ಡ ಪ್ರಾಣಿಯ ಒಳಗೆ ಇಡಿಯಾಗಿ ಉಳಿದು ಆಳಕ್ಕೆ ಇಳಿಯಬೇಕಾದ ರೈಫಲ್ ಗುಂಡಿಗೆ ಅದು ಸರಿಹೋಗಲ್ಲ.

ಬರೀ ಉಕ್ಕಾದರೆ ಬ್ಯಾರಲ್ ಒಳಗಿನ ತಿರುಚು ಗೀರುಗಳನ್ನೇ ಸವೆಸಿಬಿಡುತ್ತೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೀಸ ಉಳಿಸೋಕೆ ಅಂತ ಗುಂಡಿನ ನಡುವೆ ಮೆದು ಕಬ್ಬಿಣ ತುಂಬಿಸಿತು, ಆದರೂ ಅದರ ಸುತ್ತ ತೆಳುವಾಗಿ ಸೀಸ, ಹೊರಗೆ ಹೊದಿಕೆ ಇಡಲೇಬೇಕಾಯ್ತು. ಇನ್ನೂ ಹಳೇ ಕಥೆ ಫ್ರಾನ್ಸಿನದು. 1898ರಲ್ಲೇ ಅವರ ಸೈನ್ಯ ಲೆಬೆಲ್ ರೈಫಲ್ಲಿಗೆ ಇಡೀ ಗುಂಡನ್ನೇ ಹಿತ್ತಾಳೆಯಲ್ಲಿ ಮಾಡಿತ್ತು. ಒಂದು ಚೂರು ಸೀಸ ಇಲ್ಲ. ಮೊನಚು ಮೂತಿ, ಹಿಂದೆ ಸಣ್ಣಗೆ ಇಳಿಜಾರು. ಹಾಗಾಗಿ ಸೀಸವಿಲ್ಲದ ಗುಂಡು ಹೊಸ ಫ್ಯಾಷನ್ ಏನೂ ಅಲ್ಲ.

ಸೂಜಿ ಥರ ತೂರುತ್ತೆ ಅನ್ನೋದು ಗಟ್ಟಿ ಮೂತಿಯ ಗುಂಡಿಗೆ ಸರಿ. ಬೇಟೆಗೆ ಮಾಡುವ ತಾಮ್ರದ ಗುಂಡಿನ ಮೂತಿಯಲ್ಲಿ ಟೊಳ್ಳು ಬಿಟ್ಟಿರ್ತಾರೆ. ಮೈಗೆ ತಾಗಿದಾಗ ಆ ಟೊಳ್ಳಿನಲ್ಲಿ ಒತ್ತಡ ಏರಿ ಮೂತಿ ಎಸಳುಗಳಾಗಿ ಹಿಂದಕ್ಕೆ ಅರಳುತ್ತೆ. ಆದರೆ ಅದಕ್ಕೆ ವೇಗ ಬೇಕು. ಸಾಮಾನ್ಯವಾಗಿ ತಾಗುವ ಹೊತ್ತಿಗೆ ಸೆಕೆಂಡಿಗೆ 1,800ರಿಂದ 2,000 ಅಡಿಯಾದರೂ ಇರಬೇಕು. ಅದಕ್ಕಿಂತ ನಿಧಾನವಾದರೆ ನಿಮ್ಮ ಆಫೀಸಿನವರು ಹೇಳಿದ ಹಾಗೇ ಆಗುತ್ತೆ.

ಪುರುಸೊತ್ತಿಲ್ಲದವ
ಇದೆಲ್ಲಾ ಸುಮ್ನೆ ಸರ್ಕಾರದ ಕಾಟ. ನಮ್ಮ ತಾತನ ಕಾಲದಿಂದ ಸೀಸದ ಚರೆ ಬಿದ್ದ ಕಾಡುಹಂದಿ ತಿಂದಿದ್ದೇವೆ, ಯಾರಿಗೆ ಏನಾಯ್ತು?

ರೆಕ್ಕೆಪುಕ್ಕ
@ಪುರುಸೊತ್ತಿಲ್ಲದವ, ತಿಂದವರಿಗೆ ಏನಾಯ್ತು ಅಂತ ರಕ್ತ ಪರೀಕ್ಷೆ ಮಾಡಿಸಿದವರು ಯಾರು ಹೇಳಿ? ಅದಿರಲಿ, ಕ್ಯಾಲಿಫೋರ್ನಿಯಾದಲ್ಲಿ ಇದು ಶುರುವಾಗಿದ್ದು ಮನುಷ್ಯರಿಂದ ಅಲ್ಲ, ಕಾಂಡರ್ ಹದ್ದಿನಿಂದ. 1982ರಲ್ಲಿ ಪ್ರಪಂಚದಲ್ಲಿ ಉಳಿದಿದ್ದೇ 22 ಹಕ್ಕಿ. ಅವನ್ನೆಲ್ಲಾ ಹಿಡಿದು ಮರಿ ಮಾಡಿಸಿ ಮತ್ತೆ ಬಿಟ್ಟರು. ಈಗ ಕಾಡು, ಝೂ ಎಲ್ಲಾ ಸೇರಿ 500 ದಾಟಿದೆ. ಬಿಟ್ಟ ಹಕ್ಕಿಗಳನ್ನು ಜಾಸ್ತಿ ಕೊಲ್ತಿರೋದು ಸೀಸದ ವಿಷವೇ.

ಬೇಟೆಗಾರ ಜಿಂಕೆಯನ್ನು ಅಲ್ಲೇ ಬಗೆದು ಕರುಳು ಬಿಟ್ಟು ಹೋಗ್ತಾನೆ, ಅಲ್ವಾ? ರೈಫಲ್ ವೇಗಕ್ಕೆ ಮೆದು ಸೀಸ ಒಡೆದು ಪುಡಿಯಾಗಿ ಮಾಂಸದಲ್ಲೆಲ್ಲಾ ಹರಡಿರುತ್ತೆ. ಎಕ್ಸ್‌ರೇ ತೆಗೆದಾಗ ಒಂದೊಂದು ಜಿಂಕೆಯಲ್ಲಿ ನೂರಾರು ಚೂರು ಕಂಡಿವೆ, ಗಾಯದಿಂದ ದೂರದಲ್ಲೂ. ಅದನ್ನು ತಿಂದ ಹದ್ದಿನ ಹೊಟ್ಟೆಯ ಆಮ್ಲ ಆ ಸೀಸವನ್ನು ಕರಗಿಸುತ್ತೆ. ಡೆನ್ಮಾರ್ಕ್ ಕೂಡ 2024ರ ಏಪ್ರಿಲ್‌ನಿಂದ ಬೇಟೆಯ ರೈಫಲ್ಲಿಗೆ ಸೀಸ ನಿಲ್ಲಿಸಿದೆ. ಅವರು ಸೀಸದ ಚರೆಯನ್ನು 1996ರಲ್ಲೇ ಬಿಟ್ಟಿದ್ದರು.

ಹಾಂ, ಇದನ್ನು ಓದಿ ನಮ್ಮ ರಾಮನಗರದ ರಣಹದ್ದಿಗೂ ಸೀಸವೇ ಕಾರಣ ಅಂತ ಯಾರೂ ಹೊರಡಬೇಡಿ. ಭಾರತದಲ್ಲಿ ರಣಹದ್ದುಗಳನ್ನು ಮುಗಿಸಿದ್ದು ದನಕ್ಕೆ ಕೊಡ್ತಿದ್ದ ಡೈಕ್ಲೋಫಿನಾಕ್ ನೋವಿನ ಔಷಧಿ. 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು.

ಆರೆಗಾನ್_ಅಣ್ಣ
ಗೌಡ್ರೇ, ನಾನು ತಾಮ್ರದ್ದನ್ನೇ ಬಳಸೋದು, ಧೈರ್ಯವಾಗಿ ತಗೊಳ್ಳಿ. ಹೋದ ಸೀಸನ್‌ನಲ್ಲಿ ಹೊಡೆದ ಜಿಂಕೆಯಲ್ಲಿ ಗುಂಡು ಆ ಬದಿಯ ಚರ್ಮದ ಅಡಿಗೆ ಸಿಕ್ಕಿಕೊಂಡಿತ್ತು. ಚಾಕು ತುದಿಯಲ್ಲಿ ತೆಗೆದು ನೋಡಿದರೆ ನಾಲ್ಕು ಎಸಳೂ ಹಿಂದಕ್ಕೆ ಮಡಚಿಕೊಂಡು ನೆಟ್ಟಗಿವೆ, ಬುಡದಲ್ಲಿ ಬ್ಯಾರಲ್ ಗೀರು ಕೂಡ ಹಾಗೇ ಇದೆ. ಒಂದೂ ಎಸಳು ಮುರಿದಿರಲಿಲ್ಲ. ಜಿಂಕೆ ಹತ್ತು ಹೆಜ್ಜೆ ಹೋಗಿ ಬಿದ್ದಿತ್ತು.

ಸೀಸದಲ್ಲಿ 180 ಗ್ರೇನ್ (ಗುಂಡಿನ ತೂಕದ ಅಳತೆ) ಹೊಡೀತಿದ್ದವರು ತಾಮ್ರದಲ್ಲೂ 180 ಹುಡುಕ್ತಾರೆ, ಅದು ಬೇಡ. ತಾಮ್ರ ಹಗುರ, ಅದೇ ತೂಕಕ್ಕೆ ಗುಂಡು ಉದ್ದ ಆಗುತ್ತೆ, ಉದ್ದ ಆದಷ್ಟೂ ನೆಟ್ಟಗೆ ಹಾರೋಕೆ ಜಾಸ್ತಿ ಸುತ್ತು ಬೇಕು. .30-06ಗೆ 150 ಸಾಕು. ತೂಕ ಉದುರಲ್ಲ, ವೇಗ ಜಾಸ್ತಿ, ಚೆನ್ನಾಗಿ ಅರಳುತ್ತೆ. ಕಂಪನಿಯ ಪಟ್ಟಿಯಲ್ಲಿ ಎಷ್ಟು ಗಜಕ್ಕೆ ಎಷ್ಟು ವೇಗ ಅಂತ ಇರುತ್ತೆ, ಅದು ನೋಡಿ ನಿಮ್ಮ ದೂರದ ಮಿತಿ ಗೊತ್ತು ಮಾಡ್ಕೊಳ್ಳಿ. ಮುಂಚೆ ಬ್ಯಾರಲ್ ತೊಳೆದು ಮತ್ತೆ ಗುರಿ ಹೊಂದಿಸಿ, ಸೀಸದ ಗುಂಡಿಗೆ ಇಟ್ಟ ಸೆಟ್ಟಿಂಗ್ ಇದಕ್ಕೆ ಬರಲ್ಲ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಒಣ ಹುಲ್ಲಿನ ನಡುವೆ ಉಕ್ಕಿನ ತಟ್ಟೆ ನಿಲ್ಲಿಸಿ ಹೊಡೀಬೇಡಿ. ತಟ್ಟೆಗೆ ಬಡಿದ ತಾಮ್ರದ ಗುಂಡಿನ ಬಿಸಿ ಚೂರು ಬೆಂಕಿ ಹಚ್ಚುತ್ತೆ ಅಂತ ಅಮೆರಿಕದ ಅರಣ್ಯ ಇಲಾಖೆಯವರು 2013ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ನೀವಿರೋದು ಕ್ಯಾಲಿಫೋರ್ನಿಯಾ. ಪೇಪರ್ ಗುರಿ, ಹಿಂದೆ ಮಣ್ಣು ದಿಬ್ಬ.

ಕೈಲ್_ಪೊಳ್ದ್
ಮಡಿಕೇರಿ ಕಡೆಯವನು ನಾನು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ನಿಂತಿದೆ, ಕೋವಿ ಪೂಜೆಗೆ, ಕಾವಲಿಗೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ. ಸಣ್ಣ .22 ರೈಫಲ್ಲಿಗೂ 12 ಬೋರ್ ಚರೆ ಕೋವಿಗೂ ನಮ್ಮಲ್ಲಿ ಸೀಸವೇ. .22ಗೆ ತಾಮ್ರ ಬಂದಿದೆಯಂತಲ್ಲ, ಹೇಗಿದೆ?

ಆರೆಗಾನ್_ಅಣ್ಣ
ಬಂದಿದೆ ಅಣ್ಣಾ, ಆದರೆ ಅಷ್ಟು ಚೆನ್ನಾಗಿಲ್ಲ. ಮಾಮೂಲಿ .22 ಗುಂಡು 40 ಗ್ರೇನ್, ತಾಮ್ರದ್ದು ಅದರ ಅರ್ಧ. ಗಾಳಿ ಬೀಸಿದರೆ ಅಲ್ಲಾಡುತ್ತೆ, ಬೆಲೆನೂ ಹೆಚ್ಚು. ಕ್ಯಾಲಿಫೋರ್ನಿಯಾದವರೂ ಗುರಿ ಅಭ್ಯಾಸಕ್ಕೆ ಸೀಸವನ್ನೇ ಹೊಡೀತಾರೆ, ಆ ಕಾನೂನು ಬೇಟೆಗೆ ಮಾತ್ರ. ಕಾಯಿ ಒಡೆಯೋಕೆ ಈಗಿರೋದೇ ಇರಲಿ, ಹೊಡೆದು ಬಂದ ಮೇಲೆ ಊಟಕ್ಕೆ ಕೂರೋ ಮುಂಚೆ ಸೋಪು ಹಾಕಿ ಕೈ ತೊಳೀರಿ.

ಸ್ಯಾಕ್ರಮೆಂಟೊ_ಗೌಡ
ಎಲ್ಲರಿಗೂ ಥ್ಯಾಂಕ್ಸ್. 150 ಗ್ರೇನ್‌ದೇ ಎರಡು ಬೇರೆ ಬೇರೆ ಕಂಪನಿಯ ಡಬ್ಬಿ ತಗೊಂಡು, ನನ್ನ ರೈಫಲ್ಲಿಗೆ ಯಾವುದು ಒಗ್ಗುತ್ತೆ ಅಂತ ಶನಿವಾರ ರೇಂಜಿನಲ್ಲಿ ನೋಡ್ತೀನಿ. ಮೇಷ್ಟ್ರೇ, 200 ಗಜದಾಚೆ ಹೊಡೆಯೋ ಯೋಚನೆ ನನಗೂ ಇಲ್ಲ, ಹಾಗಾಗಿ ವೇಗದ ಚಿಂತೆ ಬಿಟ್ಟೆ.