ದ್ವೀಪದ ‘ರೆಸ್ಟೊರೇಶನ್’ಗೆ ಯಾವ ಪದ ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

ನ್ಯೂಜಿಲೆಂಡಿನ ತಿರಿತಿರಿ ಮತಂಗಿ ಎಂಬ ಪುಟ್ಟ ದ್ವೀಪದ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿ ನಡೆದ ‘ರೆಸ್ಟೊರೇಶನ್’ ಕೆಲಸಕ್ಕೆ, ಅಂದರೆ ಹಾಳಾದ ಕಾಡನ್ನು ಮತ್ತೆ ಬೆಳೆಸಿ ಹಕ್ಕಿಗಳನ್ನು ತಂದು ಬಿಡುವ ಕೆಲಸಕ್ಕೆ, ಕನ್ನಡದಲ್ಲಿ ಏನನ್ನೋಣ? ಮರುಸ್ಥಾಪನೆ, ಪುನಶ್ಚೇತನ, ಜೀರ್ಣೋದ್ಧಾರ ಎಂಬ ಪದಗಳಿವೆ. ಜೀರ್ಣೋದ್ಧಾರ ಅಂದರೆ ದೇವಸ್ಥಾನವೇ ಕಣ್ಣಿಗೆ ಬರುತ್ತದೆ, ಅದನ್ನು ಬಿಟ್ಟೆ. ಉಳಿದೆರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ.

ಆಕ್ಲೆಂಡ್ ಹತ್ತಿರದ ಹೌರಾಕಿ ಕೊಲ್ಲಿಯಲ್ಲಿರುವ ಈ ದ್ವೀಪ ಸುಮಾರು 220 ಹೆಕ್ಟೇರ್ ಇದೆ. ನೂರಕ್ಕೂ ಹೆಚ್ಚು ವರ್ಷ ಅಲ್ಲಿ ದನ, ಕುರಿ ಮೇಯಿಸಿ ಕಾಡು ಬಹುಪಾಲು ಹೋಗಿತ್ತು. 1984ರಿಂದ 1994ರವರೆಗೆ ಸಾವಿರಾರು ಜನ ದೋಣಿಯಲ್ಲಿ ಬಂದು, ಬಿಡಿಗಾಸು ಪಡೆಯದೆ, 2.5 ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟರು. ಇಂಥ ಕೆಲಸ ಜನರ ಕೈಯಿಂದಲೇ ಆಯಿತು ಎನ್ನುವುದು ನನಗೆ ತುಂಬಾ ದೊಡ್ಡ ಮಾತು. (‘ಸಮುದಾಯ’ ಅಂದರೆ ನಮ್ಮಲ್ಲಿ ಜಾತಿಯ ಅರ್ಥವೂ ಬರುತ್ತದೆ, ಹಾಗಾಗಿ ‘ಜನರೇ ಮುಂದೆ ನಿಂತು’ ಎಂದೇ ಬರೆದಿದ್ದೇನೆ.)

ಈಗ ತೊಡಕು ನೋಡಿ. ಮರುಸ್ಥಾಪನೆ ಅಂದರೆ ಮೊದಲಿದ್ದದ್ದನ್ನು ಮತ್ತೆ ತಂದಿಡುವುದು, ಅಲ್ವಾ? ಆದರೆ ಅಲ್ಲಿಗೆ ತಂದು ಬಿಟ್ಟ ತಕಾಹೆ ಎಂಬ ಹಾರಲಾರದ ಹಕ್ಕಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ್ದು. ತಿರಿತಿರಿಗೆ ಹತ್ತಿರದ ಉತ್ತರ ದ್ವೀಪದಲ್ಲಿದ್ದ ಅದರ ಬಳಗದ ಹಕ್ಕಿ ಅಳಿದೇ ಹೋಗಿದೆ. ಇಡೀ ದ್ವೀಪಕ್ಕೆ ಗಿಡ ನೆಡಲೂ ಇಲ್ಲ, ಒಂದಷ್ಟು ಹುಲ್ಲುಗಾವಲನ್ನು ಬೇಕೆಂದೇ ಉಳಿಸಿಕೊಂಡರು. ಇಲ್ಲಿ ‘ಮರು’ ಎನ್ನುವುದು ಅರ್ಧ ಮಾತ್ರ ನಿಜ.

ಪುನಶ್ಚೇತನದ ತೊಂದರೆ ಬೇರೆ. ಕೇಳಿದರೆ ಕೆಲಸ ಮುಗಿದುಹೋದ ಹಾಗೆ ಅನ್ನಿಸುತ್ತದೆ. ಹಿಹಿ ಹಕ್ಕಿಯನ್ನೇ ತೆಗೆದುಕೊಳ್ಳಿ. ಅದು ಹಳೆ ಮರಗಳ ಪೊಟರೆಯಲ್ಲಿ ಗೂಡು ಮಾಡುತ್ತದೆ. ನೆಟ್ಟ ಮರಗಳಿಗೆ ಪೊಟರೆ ಬೀಳುವಷ್ಟು ವಯಸ್ಸಾಗಿಲ್ಲ. ಅದಕ್ಕೇ ಜನ ಗೂಡುಪೆಟ್ಟಿಗೆ ಕಟ್ಟಿ, ಸಕ್ಕರೆ ನೀರು ಇಟ್ಟು ಸಲಹುತ್ತಾರೆ. ಒಮ್ಮೆ ತೆಗೆದುಹಾಕಿದ ಇಲಿ ಮತ್ತೆ ದೋಣಿ ಹತ್ತಿ ಬರದಂತೆ ಕಾಯುವುದಕ್ಕಂತೂ ಕೊನೆಯೇ ಇಲ್ಲ.

ನನ್ನ ಮನಸ್ಸು ‘ಆರೈಕೆ’ ಕಡೆ ವಾಲುತ್ತಿದೆ. ಸೊರಗಿದ ಜೀವವನ್ನು ಎಬ್ಬಿಸಿ ನಿಲ್ಲಿಸುವ ಅರ್ಥ ಅದರಲ್ಲಿದೆ, ದಿನದಿನದ ದುಡಿಮೆಯೂ ಇದೆ. ಕೊರತೆ ಒಂದೇ: ಮೊದಲು ಹಾಳಾಗಿತ್ತು ಎನ್ನುವುದು ಅದರಲ್ಲಿ ಸ್ಪಷ್ಟವಾಗಿ ಬರುವುದಿಲ್ಲ.

ಇನ್ನೊಂದು ಚಿಕ್ಕ ಪ್ರಶ್ನೆ. ಹಕ್ಕಿ, ಗಿಡಗಳ ಬಗ್ಗೆ ಹೇಳುವಾಗ ‘ನೇಟಿವ್’ಗೆ ‘ಸ್ಥಳೀಯ’ ಸಾಕೇ? 1993ರಲ್ಲಿ ಆ ದ್ವೀಪದಿಂದ ಪೂರ್ತಿ ತೆಗೆದುಹಾಕಿದ ಕಿಯೋರೆ ಇಲಿ ನ್ಯೂಜಿಲೆಂಡಿಗೆ ಬಂದದ್ದು ನೂರಾರು ವರ್ಷಗಳ ಹಿಂದೆ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಪೂರ್ವಿಕರ ದೋಣಿಗಳಲ್ಲಿ. ಅಷ್ಟು ಕಾಲ ಇದ್ದದ್ದೂ ಸ್ಥಳೀಯವೇ ಆಗಿಬಿಡುತ್ತದೆ. ‘ದೇಸಿ’ ಸಾಕಿದ ತಳಿಗೆ ಸರಿ, ಕಾಡುಹಕ್ಕಿಗೆ ಒಗ್ಗುವುದಿಲ್ಲ. ಸದ್ಯಕ್ಕೆ ‘ಆ ನೆಲದಲ್ಲೇ ಹುಟ್ಟಿಬೆಳೆದ’ ಎಂದು ಬರೆದಿದ್ದೇನೆ. ಆದರೆ ಇಲ್ಲಿ ಹೇಳಬೇಕಾದ್ದು ಒಂದು ಹಕ್ಕಿಯ ಹುಟ್ಟಿನ ಬಗ್ಗೆ ಅಲ್ಲ, ಇಡೀ ಕುಲದ ಬಗ್ಗೆ.

ಕಾಡು, ಪ್ರಾಣಿಗಳ ಬಗ್ಗೆ ಬರೆಯುವವರು ಈ ಎರಡಕ್ಕೂ ಏನು ಬಳಸುತ್ತೀರಿ? ಬಳಸಿದ ವಾಕ್ಯವನ್ನೂ ಜೊತೆಗೆ ಕೊಟ್ಟರೆ ಉಪಕಾರ.